ಹಲ್ಲು ತೋರಿಸಿದ ಅತ್ತಿ

ನಗು ಬಂದರೆ ಅವರ ಎಡಗೈ ತಾನಾಗಿ ಮೇಲೇಳುತ್ತಿತ್ತು. ಸೆರಗಿನ ತುದಿಯನ್ನು ತುಟಿಗೆ ಒತ್ತಿ ಹಿಡಿದು, ಕಣ್ಣಿನಿಂದಷ್ಟೇ ನಗುತ್ತಿದ್ದರು. ಸೆರಗಿನ ಹಿಂದಿನ ಹಲ್ಲುಗಳು ತುಕ್ಕು ಹಿಡಿದ ತಗಡಿನ ಬಣ್ಣದವು, ಅಂಚು ಉದುರಿದವು. ಅವರು ನನ್ನ ಗಂಡನ ಅಕ್ಕ. ನನಗೆ ಅಕ್ಕಾರು, ನನ್ನ ಮಗಳಿಗೆ ಅತ್ತಿ.

ಹುನಗುಂದದ ಕಡೆಯ ಹಳ್ಳಿಯೊಂದರಲ್ಲಿ ಬೋರಿನ ನೀರು ಕುಡಿದು ಬೆಳೆದವರು. ಆ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಊರಿಗೆ ಗೊತ್ತಾಗುವ ಹೊತ್ತಿಗೆ ಓಣಿಯ ಮಕ್ಕಳ ಹಲ್ಲೆಲ್ಲ ಕಂದಿದ್ದವು. ತಮ್ಮನನ್ನು ಮಾತ್ರ ಚಿಕ್ಕಂದಿನಲ್ಲೇ ಕಲಾದಗಿಯ ಸೋದರಮಾವನ ಮನೆಗೆ ಕಳಿಸಿದ್ದರು, ಗಂಡುಮಗ ಚೆನ್ನಾಗಿ ಸಾಲಿ ಕಲಿಯಲೆಂದು. ಹೊಳೆ ನೀರು ಕುಡಿದ ನನ್ನ ಗಂಡನ ಹಲ್ಲು ಇವತ್ತಿಗೂ ಬೆಳ್ಳಗಿವೆ.

ಕನ್ಯೆ ನೋಡಲು ಬಂದ ಹಿರಿಯರೊಬ್ಬರು, "ಹುಡುಗಿ ಒಮ್ಮೆ ನಗಲಿ, ನೋಡೂಣು" ಅಂದರಂತೆ. ಅಕ್ಕಾರು ತಲೆ ಎತ್ತದೆ, "ನಗುವಂಥಾದ್ದು ಏನರ ಹೇಳ್ರಿ ಮತ್ತ" ಅಂದರು. ಬಂದವರು ಅವಲಕ್ಕಿ ತಿಂದು ಎದ್ದು ಹೋದರು. ಹಲ್ಲಿಗಿಂತ ನಾಲಿಗೆ ಕೆಟ್ಟದ್ದೆಂದು ಊರಲ್ಲಿ ಮಾತಾಯಿತು. ಮುಂದೆ ಅವರ ಮದುವೆಯ ಸುದ್ದಿಯನ್ನು ಮನೆಯವರೇ ಎತ್ತಲಿಲ್ಲ.

ನಾನು ಹೆರಿಗೆ ರಜೆ ಮುಗಿಸಿ ಇಳಕಲ್ಲಿನ ಸಾಲಿಗೆ ಮರಳಿದಾಗ ಕೂಸನ್ನು ನೋಡಿಕೊಳ್ಳಲು ಅತ್ತೆಯವರೂ ಅಕ್ಕಾರೂ ನಮ್ಮಲ್ಲಿಗೆ ಬಂದರು. ಮುಂದೆ ಮಗಳಿಗೆ ಎರಡು ವರ್ಷ ದಾಟಿತು. ಬ್ರಶ್ ಕಂಡರೆ ದವಡೆ ಬಿಗಿಯುತ್ತಿದ್ದಳು. ಹಾಡು ಹೇಳಿದೆವು, ಮೊಬೈಲ್ ಕೊಟ್ಟೆವು, ಗೊಂಬೆಗೆ ಹಲ್ಲು ತಿಕ್ಕಿ ತೋರಿಸಿದೆವು. ಯಾವುದೂ ನಡೆಯಲಿಲ್ಲ. ಬಾಟಲಿ ಹಾಲಿನಿಂದ ಮುಂದಿನ ಹಲ್ಲಿನಲ್ಲಿ ಕಪ್ಪು ಚುಕ್ಕೆ ಮೂಡಿತ್ತು. ಹೀಗೇ ಬಿಟ್ಟರೆ ಕೀಳಬೇಕಾಗುತ್ತದೆಂದು ಹಲ್ಲಿನ ಡಾಕ್ಟರು ಹೆದರಿಸಿದ್ದರು.

ಒಂದು ಮುಂಜಾನೆ ಕೂಸು ಬ್ರಶ್ ಎಸೆದು ಅಂಗಳದಲ್ಲಿ ಹೊರಳಾಡುತ್ತಿತ್ತು. ಅತ್ತೆಯವರಿಗೆ ಸಿಟ್ಟು ಬಂತು. "ತಿಕ್ಕಬ್ಯಾಡ ಬಿಡು! ನಿಮ್ಮ ಅತ್ತಿ ಹಲ್ಲಿನಂಗ ಆಗ್ತಾವ, ಆವಾಗ ಗೊತ್ತಾಗ್ತೈತಿ."

ಹೆತ್ತ ತಾಯಿಯ ಮಾತು. ಅಕ್ಕಾರು ಅಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ತಂಬಿಗೆ ಕೆಳಗಿಟ್ಟು ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಸೆರಗು ಬಿಟ್ಟು, ಬಾಯಿ ಅಗಲವಾಗಿ ತೆರೆದರು. "ನೋಡವಾ, ಛಲೋತ್ನಂಗ ನೋಡು. ತಿಕ್ಕಲಿಲ್ಲಂದ್ರ ಹಿಂಗ ಆಗ್ತಾವ." ಕೂಸು ಚೀರಿತು. ಆಮೇಲೆ ತಾನೇ ಬಾಯಿ ತೆರೆಯಿತು.

ಅಂದಿನಿಂದ ಅದೇ ರೂಢಿಯಾಯಿತು. ಮಗಳು ದಿನಾ "ಅತ್ತಿ, ಹಲ್ಲು ತೋರ್ಸು" ಅನ್ನುವಳು, ಅವರು ತೋರಿಸುವರು, ಇವಳು ತಿಕ್ಕಿಸಿಕೊಳ್ಳುವಳು. ನಾನು ಒಮ್ಮೆ ತಡೆಯಲಾರದೆ ಕೇಳಿದೆ. "ಅಕ್ಕಾರ, ನಿಮ್ಮ ಹಲ್ಲು ನೀರಿನಿಂದ ಹಾಳಾಗ್ಯಾವ. ಕೂಸಿನ ಮುಂದ ಯಾಕ ಸುಳ್ಳು ಹೇಳ್ತೀರಿ?"

"ಖರೆ ಹೇಳಿದ್ರ ಅದು ತಿಕ್ಕತೈತೇನವಾ?" ಅಂದರು. "ಅತ್ತಿ ದಿನಾ ತಿಕ್ಕಿದ್ರೂ ಹಿಂಗಾದ್ವು ಅಂದ್ರ, ತಿಕ್ಕಿ ಏನು ಬಂತು ಅಂತೈತಿ. ಸುಮ್ಮ ಇರು."

ಅವರು ಮಾತ್ರ ಕೂಸು ಏಳುವ ಮೊದಲೇ ಹಿತ್ತಲಲ್ಲಿ ನಿಂತು ತಮ್ಮ ಹಲ್ಲು ತಿಕ್ಕಿ, ಬ್ರಶ್ಶನ್ನು ತಮ್ಮ ಟ್ರಂಕಿನಲ್ಲಿ ಬಚ್ಚಿಡುತ್ತಿದ್ದರು.

ಕೂಸು ಪಾಠವನ್ನು ಚೆನ್ನಾಗಿ ಕಲಿಯಿತು. ಕೂಡಲಸಂಗಮದಲ್ಲಿ ನಮ್ಮ ಬಳಗದವರ ಮದುವೆ. ಪಂಕ್ತಿಯಲ್ಲಿ ಅಕ್ಕಾರು ಹೋಳಿಗೆ ಮುರಿದು ಮಗಳ ಬಾಯಿಗೆ ಹಿಡಿದರು. ಅವಳು ಕೈ ತಳ್ಳಿ, "ಒಲ್ಲೆ, ಅತ್ತಿ ಹೊಲಸು! ಹಲ್ಲ ತಿಕ್ಕಂಗಿಲ್ಲ!" ಎಂದು ಕೂಗಿದಳು. ಪಂಕ್ತಿಯೆಲ್ಲ ನಕ್ಕಿತು. ಅತ್ತೆಯವರೂ ನಕ್ಕರು. ನಾನು ಮಗಳನ್ನು ಗದರಿಸಹೋದರೆ ಅಕ್ಕಾರು ನನ್ನ ಮೊಣಕೈ ಹಿಡಿದು ಬೇಡವೆಂದರು. ಆ ಹೋಳಿಗೆ ತುಣುಕನ್ನು ತಾವೇ ತಿಂದರು. ಮತ್ತೆಂದೂ ಅವಳಿಗೆ ಕೈತುತ್ತು ಕೊಡಲಿಲ್ಲ. ತಟ್ಟೆಯಲ್ಲಿ ಕಲಸಿಟ್ಟು, ಚಮಚ ಇಟ್ಟು, ದೂರ ಕೂರುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರಿಗೆ ಕಾಮಾಲೆ ಆಗಿ ವಿಕೋಪಕ್ಕೆ ತಿರುಗಿತು. ಬಾಗಲಕೋಟೆಯ ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯರು ಬಾಯಿ ನೋಡಿ, "ತಂಬಾಕ ಎಷ್ಟ ವರ್ಷದಿಂದ ತಿಂತೀರಿ?" ಅಂದರು.

"ತಿಂದಿಲ್ರಿ."

ವೈದ್ಯರು ನನ್ನ ಕಡೆ ನೋಡಿ ನಕ್ಕರು. ನಾನು ನೀರಿನ ವಿಷಯ ಹೇಳತೊಡಗಿದೆ. ಅವರು ಆಗಲೇ ಪಕ್ಕದ ಮಂಚಕ್ಕೆ ಹೋಗಿದ್ದರು. ಅದೇ ವಾರ ಅಕ್ಕಾರು ತೀರಿಕೊಂಡರು.

ದಿನಕರ್ಮಗಳು ಮುಗಿದ ಮೇಲೆ ಅವರ ಟ್ರಂಕು ತೆರೆದೆ. ಈಗ ಸಾಲಿಗೆ ಹೋಗುವ ಮಗಳು ಪಕ್ಕದಲ್ಲೇ ಇದ್ದಳು. ಸೀರೆಗಳ ಸಂದಿಯಿಂದ ಎಳೆ ಸವೆದ ಬ್ರಶ್ ಎತ್ತಿ, "ಇದು ಯಾರದವ್ವಾ?" ಅಂದಳು.

"ಅತ್ತಿದು."

"ಅತ್ತಿ ಹಲ್ಲ ತಿಕ್ಕತಿದ್ಲೇನು?"

ಎಲ್ಲವನ್ನೂ ಹೇಳಿದೆ. ಬೋರಿನ ನೀರು, ಕಲಾದಗಿ, ಅವಳಿಗಾಗಿ ಅತ್ತಿ ಹೊತ್ತ ಸುಳ್ಳು. ಅವಳು ಅಳಲಿಲ್ಲ. ಬ್ರಶ್ಶಿನ ಸವೆದ ಎಳೆಗಳ ಮೇಲೆ ಬೆರಳಾಡಿಸಿ, "ಮದುವ್ಯಾಗ ಎಲ್ಲಾರ ಮುಂದ ನಾ ಹಂಗಂದಾಗರ ನೀವ್ಯಾರೂ ಯಾಕ ಹೇಳಲಿಲ್ಲ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹೊರಗೆ ಹೋದಳು.

ಮರುದಿನ ಮುಂಜಾನೆ ಹಲ್ಲು ತಿಕ್ಕು ಬಾ ಎಂದು ಕರೆದೆ. ಬಚ್ಚಲ ಬಾಗಿಲಲ್ಲಿ ನಿಂತು, ದವಡೆ ಬಿಗಿದು, ನನ್ನನ್ನೇ ನೋಡಿದಳು. ಬಾಯಿ ತೆರೆಯಲಿಲ್ಲ.