ಬೀಗ ಹಾಕಿದ ಮನೆ, ಪಕ್ಕದ ಮನೆ

ಸಂಧ್ಯಾರಾಣಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದರೆ ನನಗೆ ಕೈ ಏಳುವುದಿಲ್ಲ. ಹೊಟ್ಟೆಕಿಚ್ಚು, ಮುಚ್ಚಿಟ್ಟು ಏನು ಪ್ರಯೋಜನ? ಚನ್ನಗಿರಿ, ಹೊನ್ನಾಳಿ ಸುತ್ತ ಹನ್ನೊಂದು ವರ್ಷ ಮನೆಮನೆ ಸಮೀಕ್ಷೆ ಮಾಡಿ ಚಪ್ಪಲಿ ಸವೆಸಿದವನು ನಾನು, ತಿಪ್ಪೇರುದ್ರ. ಅವಳು ಜಗಳೂರಿನಿಂದ ಬಂದು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ನಮ್ಮ ಮೇಲ್ವಿಚಾರಕರಾದ ಮಹೇಶ್ವರಪ್ಪನವರು ಈ ವರ್ಷ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ನಮ್ಮಿಬ್ಬರಲ್ಲಿ ಒಬ್ಬರು ಎಂಬುದು ಕಚೇರಿಗೆಲ್ಲ ಗೊತ್ತಿತ್ತು. ಅದು ನನಗೇ ಎಂದು ನಾನು ಮನೆಯಲ್ಲಿ ಹೆಂಡತಿಗೂ ಹೇಳಿಬಿಟ್ಟಿದ್ದೆ.

ಮೊದಲು ಉರಿದದ್ದು ಹೊನ್ನಾಳಿಯ ತರಬೇತಿಯಲ್ಲಿ. ನಮ್ಮ ಫಾರಂನಲ್ಲಿ ಕಸುಬಿಗೆ ಕೋಡ್ ಇರುತ್ತದೆ: ಬೇಸಾಯಕ್ಕೆ ಒಂದು, ಕೂಲಿಗೆ ಎರಡು, ವ್ಯಾಪಾರಕ್ಕೆ ಮೂರು. ನಾನು ಹುಮ್ಮಸ್ಸಿನಲ್ಲಿ ಎಲ್ಲ ಕೂಡಿಸಿ ಭಾಗಿಸಿ, ಊರಿನ ಸರಾಸರಿ ಕಸುಬು ಒಂದೂ ಮುಕ್ಕಾಲು ಎಂದು ಬೋರ್ಡಿನ ಮೇಲೆ ಬರೆದೆ.

ಹಿಂದಿನ ಬೆಂಚಿನಿಂದ ಸಂಧ್ಯಾರಾಣಿ ಎದ್ದಳು. "ರುದ್ರಣ್ಣಾರೆ, ಅವು ಬರೀ ಗುರುತು ಕಣ್ರೀ. ವಯಸ್ಸಿಗೆ ಸರಾಸರಿ ಐತೆ, ಮನೆ ಮಂದಿ ಎಷ್ಟು ಅನ್ನಾಕೂ ಐತೆ. ಕಸುಬಿಗೆ ಹೆಂಗೆ ತೆಗೀತೀರಿ? ಯಾವ ಕಸುಬು ಎಷ್ಟು ಮನೆ ಅಂತ ಎಣಿಸ್ಬೇಕು, ಅಷ್ಟೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮಾತ್ರ ನಗಲಿಲ್ಲ, ನನಗೆ ಅದೇ ಹೆಚ್ಚು ಚುಚ್ಚಿತು.

ಅಲ್ಲಿಂದ ಅವಳು ಕೂತರೂ ಉರಿ, ನಿಂತರೂ ಉರಿ. ಜನ ನನಗೆ ಒಂದು ಚೊಂಬು ನೀರು ಕೊಟ್ಟರೆ ಅವಳಿಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ, ಮೇಲೆ ಟೀ. ಅವಳ ಕೈಬರಹ ದುಂಡಗಿದೆ ಎಂಬುದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಕೊನೆಗೆ ಬಂದದ್ದು ನ್ಯಾಮತಿ ಕಡೆಯ ಒಂದು ತಾಂಡಾ. ಮನೆಗೆ ಮನೆಯೇ ಖಾಲಿ ಮಾಡಿ ದುಡಿಯಲು ಹೊರಗೆ ಹೋಗುವ ಸಂಸಾರಗಳೆಷ್ಟು ಎಂಬುದು ಪ್ರಶ್ನೆ. ನೂರಿಪ್ಪತ್ತು ಮನೆ. ಎಲ್ಲಕ್ಕೂ ಸಂಖ್ಯೆ ಹಾಕಿ, ಚೀಟಿ ಎತ್ತಿ ಮೊದಲ ಮನೆ ಆರಿಸಿ, ಅಲ್ಲಿಂದ ಪ್ರತಿ ಮೂರನೆಯ ಮನೆ. ಮೇಲಿನ ಸಾಲಿನ ಇಪ್ಪತ್ತು ನನಗೆ, ಕೆಳಗಿನ ಸಾಲಿನ ಇಪ್ಪತ್ತು ಅವಳಿಗೆ. ಬೀಗ ಇದ್ದರೂ ಮನೆ ಬದಲಿಸುವಂತಿಲ್ಲ ಎಂದು ನಿಯಮವಿದೆ. ನಿಯಮ ಮಾಡಿದವರು ಬಿಸಿಲಲ್ಲಿ ತಿರುಗಿದವರಲ್ಲ. ಬೀಗ ಕಂಡಲ್ಲಿ ನಾನು ಪಕ್ಕದ ಮನೆಗೆ ಹೋದೆ, ಹನ್ನೊಂದು ವರ್ಷದಿಂದಲೂ ಹಾಗೇ. ಎರಡೇ ದಿನಕ್ಕೆ ಕೆಲಸ ಮುಗಿಯಿತು.

ಅವಳದು ಐದನೆಯ ದಿನವೂ ಮುಗಿದಿರಲಿಲ್ಲ. ಆ ತಾಂಡಾದಲ್ಲಿ ದುಡಿಯಲು ಹೋಗುವವರು ಬೀಗದ ಕೈಯನ್ನು ಸೀತಾಬಾಯಿ ಎಂಬ ಮುದುಕಿಯ ಕೈಗೆ ಕೊಟ್ಟು ಹೋಗುತ್ತಾರೆ. ಸಂಧ್ಯಾರಾಣಿ ಮುದುಕಿಯ ಜಗಲಿಯಲ್ಲಿ ಕೂತು, ಒಂದೊಂದು ಬೀಗದ ಕೈಗೂ ಒಂದೊಂದು ಫೋನ್ ನಂಬರ್ ಕೇಳಿ ಪಡೆದು, ಎಲ್ಲೋ ಕಬ್ಬಿನ ಗದ್ದೆಯಲ್ಲಿದ್ದವರಿಗೆ ಊಟದ ಹೊತ್ತು ನೋಡಿ ಫೋನ್ ಮಾಡುತ್ತಿದ್ದಳು. ನನಗೆ ಒಳಗೊಳಗೇ ಖುಷಿ. ಆ ದಿನವೇ ಹೋಗಿ ಮಹೇಶ್ವರಪ್ಪನವರ ಕಿವಿ ಊದಿ ಬಂದೆ.

"ಮುದುಕಿ ಜೊತೆ ಹರಟೆ ಹೊಡೀತಾ ಕುಂತಾಳೆ ಸರ್. ಹಿಂಗಾದ್ರೆ ಮುಗಿಯೋದು ಯಾವಾಗ?"

ಅವಳ ಕೆಲಸ ಮುಗಿದ ದಿನ ಅವರು ನಮ್ಮಿಬ್ಬರನ್ನೂ ಕರೆದು ಫಾರಂಗಳನ್ನು ಮೇಜಿನ ಮೇಲೆ ಹರಡಿದರು. ಅವಳ ಇಪ್ಪತ್ತರಲ್ಲಿ ಒಂಬತ್ತು ಸಂಸಾರ ಊರು ಬಿಟ್ಟಿದ್ದವು. ನನ್ನ ಇಪ್ಪತ್ತರಲ್ಲಿ ಸೊನ್ನೆ.

"ಒಂದೇ ತಾಂಡಾ, ಒಂದೇ ಬೋರಿನ ನೀರು," ಎಂದರು ಮಹೇಶ್ವರಪ್ಪ. "ಮೇಲಿನ ಸಾಲಿನಾಗೆ ಒಂದು ಮನೆಯೋರೂ ಹೋಗಿಲ್ವಾ? ಯಾರನ್ನ ಕೇಳಿ ಬರ್ದ್ರಿ ರುದ್ರಪ್ಪ?"

ನಾನು ಎದೆಯುಬ್ಬಿಸಿ ಹೇಳಿದೆ: "ಮನೇಲಿದ್ದೋರನ್ನೇ ಕೇಳೀನಿ ಸರ್."

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಹೋದವರೆಷ್ಟು ಎಂದು ಇದ್ದವರನ್ನು ಹುಡುಕಿ ಹುಡುಕಿ ಕೇಳಿದ್ದೆ. ಇದೊಂದೇ ತಾಂಡಾ ಅಲ್ಲ. ಹನ್ನೊಂದು ವರ್ಷ ನಾನು ಬರೆದ ಊರುಗಳಿಂದ ಯಾರೂ ಎಲ್ಲಿಗೂ ಹೋಗಿರಲಿಲ್ಲ.

ಆ ಜಾಗ ಅವಳಿಗೇ ಹೋಯಿತು. ಮೇಲ್ವಿಚಾರಕಿಯಾಗಿ ಅವಳು ನನಗೆ ಕೊಟ್ಟ ಮೊದಲ ಕೆಲಸ, ಮೇಲಿನ ಸಾಲನ್ನು ಮತ್ತೆ ಮಾಡುವುದು. ಹೋದೆ. ಏಳು ಮನೆಗೆ ಬೀಗವಿತ್ತು. ಏಳೂ ಸಂಸಾರಗಳನ್ನು ಫೋನಿನಲ್ಲಿ ಹಿಡಿದು ಬರೆದೆ. ಅವಳಿಗೆ ಒಂಬತ್ತು ಸಿಕ್ಕಿದ್ದವಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.