ಕಲ್ಲಿನ ಮೆಟ್ಟಿಲಿಗೆ ಬಂದ ನೋಟೀಸು

ಹೋದ ಭಾನುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ರದ್ದಿ ಅಂಗಡಿಯ ಮುಂದೆ ನುಸಿಗುಳಿಗೆಯ ವಾಸನೆ ಬಂತು. ತೂಕಕ್ಕೆ ಬಂದಿದ್ದ ಹಳೆಯ ಕಾನೂನು ಪುಸ್ತಕಗಳು. ಹನ್ನೊಂದು, ಎಣಿಸಿದೆ. ಎಣಿಸುವುದು ನನ್ನ ಚಟ, ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಬೆಳೆದ ಮನೆಗೂ ಅದೇ ವಾಸನೆಯಿತ್ತು. ಮರಾಠಿ ಊರಿನ ಸದಾಶಿವ ಪೇಠದಲ್ಲಿ, ಒಳಚೌಕವಿದ್ದ ಹಳೆಯ ವಾಡೆಯಲ್ಲಿ ನಾವು ಮಹಡಿಯ ಮೇಲೆ ಬಾಡಿಗೆಗಿದ್ದೆವು. ಕೆಳಗೆ ಮಾಲಕರು, ಧಾರವಾಡದಿಂದ ಬಂದು ನೆಲೆಸಿದ ನಿವೃತ್ತ ವಕೀಲರು. ನಮಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಕಾಕಾ ಅವರ ಮೂರು ಗೋಡೆಗಳ ತುಂಬ ಬ್ರಿಟಿಷರ ಕಾಲದ ತೀರ್ಪುಗಳು. ಉಳಿದವರು ಪೇಪರ್ ಓದುವ ಹಾಗೆ ಅವರು ಚಹಾ ಕುಡಿಯುತ್ತ ಅವನ್ನು ಓದುತ್ತಿದ್ದರು: ಚರಂಡಿ, ಜಗುಲಿ, ಬೀದಿಗೆ ಚಾಚಿದ ಸೂರು, ಒಂದು ಕಲಮಿನ ಅರ್ಥಕ್ಕಾಗಿ ಪುರಸಭೆಯೂ ಒಬ್ಬ ಮನೆಯವನೂ ವರ್ಷಗಟ್ಟಲೆ ಗುದ್ದಾಡಿದ ಕಥೆಗಳು.

ನಾನು ಹನ್ನೆರಡನೆಯ ತರಗತಿ ಮುಗಿಸಿದ ರಜೆಯಲ್ಲಿ ಅಂಥ ಕಥೆ ನಮ್ಮ ಬಾಗಿಲಿಗೇ ಬಂತು. ವಾಡೆಯ ಕೊನೆಯ ಕಲ್ಲಿನ ಮೆಟ್ಟಿಲು ಬೀದಿಗೆ ಚಾಚಿದೆ, ನಡೆಯುವವರಿಗೆ ಅಡ್ಡಿ, ತೆಗೆಯಿರಿ ಎಂದು ಪಾಲಿಕೆಯ ನೋಟೀಸು. ಆ ಮೆಟ್ಟಿಲ ಮೇಲೆ ಯಾದಗಿರಿ ಕಡೆಯ ಶರಣವ್ವ ಜೋಳದ ರೊಟ್ಟಿ ಮಾರುತ್ತಿದ್ದಳು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವಳ ಸಂಸಾರ ನಿಂತದ್ದೇ ಆ ಕಲ್ಲಿನ ಮೇಲೆ.

"ಕಲ್ಲ ಹೋದ್ರ ನಾ ಎಲ್ಲಿ ಕುಂದರ್ಬೇಕ್ರೀ ವಕೀಲ್ರ? ನಿಮ್ ಪುಸ್ತಕದ ಮ್ಯಾಲೇನ್ರಿ?" ಎಂದಳು.

"ಕೂಡ್ರು, ಅವೂ ಗಟ್ಟಿ ಅವ," ಎಂದು ಕಾಕಾ ನಕ್ಕು ಒಂದು ಸಂಪುಟ ಇಳಿಸಿದರು. ನನ್ನತ್ತ ತಿರುಗಿ, "ಕಾಯ್ದೆ ಹೊಸಾದು, ವಾಕ್ಯ ಮಾತ್ರ ಹಳೇವು. ಪುರಸಭಾ ಅಡ್ಡಿ ಅಂದಕೂಡ್ಲೆ ಅಡ್ಡಿ ಆಗೂದಿಲ್ಲ ನೋಡು. ಯಾರಿಗೆ ಆತು, ಎಷ್ಟು ಆತು ತೋರಸ್ರಿ ಅಂತ ಕೇಳೋ ಜಡ್ಜ್ ಇದ್ರು. ಮಂದೀ ಜಾಗಾ ಕಸಗೊಳ್ಳೋ ಕಲಮನ್ನ ಹಿಗ್ಗಿಸಿ ಓದಬಾರ್ದು," ಎಂದರು. ಆಮೇಲೆ, ಎಣಿಸಿದ್ದನ್ನೆಲ್ಲ ನಾನು ಬರೆದಿಡುತ್ತಿದ್ದ ಡೈರಿಯತ್ತ ಕಣ್ಣು ಹಾಯಿಸಿದರು. "ನೀ ಹೆಂಗೂ ಕಾಗಿ ಕೂತ್ರೂ ಎಣಸ್ತಿ. ಒಂದ್ ವಾರ ಮಂದೀನ್ನ ಎಣಸು."

ಏಳು ದಿನ, ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು, ಮೇಲಿನ ಕಿಟಕಿಯಲ್ಲಿ ಕೂತೆ. ಹಾದುಹೋದವರಿಗೆ ನೀಲಿ ಗೆರೆ, ದಾರಿ ಬಿಟ್ಟು ರಸ್ತೆಗಿಳಿದವರಿಗೆ ಕೆಂಪು ಗೆರೆ, ಅದರ ಪಕ್ಕ ಕಾರಣ. ಎರಡನೆಯ ದಿನವೇ ಪುಟ ಹಿಂದೆ ತಿರುಗಿಸಿ ಮತ್ತೆ ಎಣಿಸಿದೆ. ಕೆಂಪು ಗೆರೆಗಳು ವಿಪರೀತ. ಮೆಟ್ಟಿಲಿನಿಂದಾಗಿ ಇಳಿದವರು ಇಡೀ ವಾರದಲ್ಲಿ ಒಂಬತ್ತು ಜನ. ಉಳಿದ ನೂರಾ ನಲವತ್ತೆರಡು ಜನ ಇಳಿದದ್ದು ಮೆಟ್ಟಿಲಿಗೆ ಒತ್ತಿ ನಿಂತಿದ್ದ ಹಸಿರು ಸ್ಕೂಟರಿನಿಂದಾಗಿ. ಸ್ಕೂಟರು ಕಾಕಾ ಅವರದು.

ಸುಳ್ಳೇಕೆ, ಕಾಕಾ ಅವರ ಸ್ಕೂಟರಿನ ಮಾತು ಬರದಿರಲೆಂದು ಕಾರಣಗಳನ್ನು ಬಿಟ್ಟು ಒಂದು ಶುದ್ಧಪ್ರತಿ ಮಾಡಿದೆ. ನೋಡಿದರೆ, ಕಾರಣವಿಲ್ಲದ ಕೆಂಪು ಗೆರೆಗಳೆಲ್ಲ ಶರಣವ್ವನ ತಲೆಗೇ ಬರುತ್ತಿದ್ದವು. ಅದನ್ನು ಹರಿದು ಡೈರಿಯನ್ನೇ ಕೊಟ್ಟೆ.

ಕಾಕಾ ಎರಡು ಸಲ ಓದಿದರು. "ಇವೆಲ್ಲಾ... ನನ್ನ ಗಾಡೀನಽ?"

"ಹೌದ್ರಿ ಕಾಕಾ."

ಅಡಿಗೆಮನೆಯಿಂದ ಕಾಕು ಕೂಗಿದರು: "ಎಷ್ಟು ವರ್ಷದಿಂದ ಹೇಳ್ಲಿಕ್ಕತ್ತೇನಿ, ಆ ಡಬ್ಬಾ ತಗೀರಿ ಅಂತ! ನನ್ನ ಕಡೆ ಸಾಕ್ಷಿ ಇರ್ಲಿಲ್ಲ, ಅಷ್ಟ."

ಒಂದು ಗೆರೆಯನ್ನೂ ತಿದ್ದದೆ ಕಾಕಾ ಆ ಪುಟಗಳನ್ನು ತಮ್ಮ ಉತ್ತರಕ್ಕೆ ಲಗತ್ತಿಸಿದರು. ಜಾಗ ನೋಡಲು ಬಂದ ಅಧಿಕಾರಿ ಓದಿ ಗೊಳ್ಳೆಂದು ನಕ್ಕ. "ವಕೀಲಸಾಹೇಬ, ಆಧೀ ತುಮಚೀ ಗಾಡೀ ಕಾಢಾ!" ಮೊದಲು ನಿಮ್ಮ ಗಾಡಿ ತೆಗೆಯಿರಿ ಎಂದು. ಕಾಕಾ ಅವನೆದುರೇ ಸ್ಕೂಟರನ್ನು ತಳ್ಳಿಕೊಂಡು ಒಳಚೌಕಕ್ಕೆ ಒಯ್ದರು. ಒಂಬತ್ತು ಜನರಿಗಾಗಿ ಯಾರೂ ಕಲ್ಲು ಕೀಳಲಿಲ್ಲ. ಶರಣವ್ವ ಅಲ್ಲಿಯೇ ಉಳಿದಳು.

ಈಗ ಕಾಕಾ ಇಲ್ಲ. ವಾಡೆಯೂ ಇಲ್ಲ, ಅಲ್ಲಿ ಆರು ಅಂತಸ್ತು ಎದ್ದಿವೆ. ನಾನು ಅದೇ ಊರಿನ ಧನಕವಡಿಯಲ್ಲಿದ್ದೇನೆ. ನಿನ್ನೆ ನಮ್ಮ ಸೊಸೈಟಿಯಲ್ಲಿ ಒಂದು ಅರ್ಜಿ ಮನೆಯಿಂದ ಮನೆಗೆ ಬಂತು: ಗೇಟಿನ ಎಳನೀರಿನವಳು ಎಲ್ಲರಿಗೂ ಅಡ್ಡಿ, ಎಬ್ಬಿಸಿ. ಹದಿನೇಳು ಸಹಿಗಳಿದ್ದವು. ಹದಿನೆಂಟನೆಯದನ್ನು ಹಾಕದೆ, ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದೆ: ಯಾರಿಗೆ, ಯಾವಾಗ. ಹಾಳೆ ಮತ್ತೆ ಹದಿನೇಳು ಮನೆ ಸುತ್ತಿ ಸಂಜೆ ವಾಪಸು ಬಂತು. ಅಂಕಣ ಖಾಲಿ.

ಆಮೇಲೆ ಕೆಳಗಿಳಿದು ಎಳನೀರಿನವಳ ಬಳಿಗೆ ಹೋದೆ. ಎರಡು ವರ್ಷಗಳಿಂದ ಎಷ್ಟು ಎಳನೀರು ಕುಡಿದೆ ಎಂಬುದು ನನ್ನ ಡೈರಿಯಲ್ಲಿದೆ. ಅವಳ ಹೆಸರು ಕೇಳಿದ್ದು ನಿನ್ನೆಯೇ ಮೊದಲು.