ನೂರೆಂಬತ್ತರ ಮೇಲೆ ಆರು ಕಿಲೋ

ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಕೆಳಗೆ, ಇವತ್ತು ಸಂಜೆ, ಗೋಬಿ ಮಂಚೂರಿ ಗಾಡಿಯವನು ಬಾಣಲೆಗೆ ವಿನೆಗರ್ ಸುರಿದ. ನಿಮಗಾಗಿದ್ದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಜಿಗಣಿಯ ಮಂಜುಳಾ ಮೇಡಂ ನೆನಪಾದರು.

ಅಲ್ಲೊಂದು ಚಿಕ್ಕ ಕಾರ್ಖಾನೆಯಲ್ಲಿ ಮಾತ್ರೆಗೆ ಬೇಕಾದ ಆಸ್ಪಿರಿನ್ ಪುಡಿ ತಯಾರಿಸುತ್ತಿದ್ದೆವು. ಅವರು ಶಿಫ್ಟ್ ಇನ್‌ಚಾರ್ಜ್, ನಾನು ಟ್ರೈನಿ. ಲೆಕ್ಕ ಸರಳ: ನೂರಮೂವತ್ತೆಂಟು ಕಿಲೋ ಸ್ಯಾಲಿಸಿಲಿಕ್ ಆಮ್ಲ ಹಾಕಿದರೆ ಹೆಚ್ಚೆಂದರೆ ನೂರೆಂಬತ್ತು ಕಿಲೋ ಆಸ್ಪಿರಿನ್. ಅದರ ಜೊತೆ ಬೆರೆಸುವ ಇನ್ನೊಂದು ದ್ರವವನ್ನು ಎಷ್ಟು ಧಾರಾಳವಾಗಿ ಸುರಿದರೂ ಅಷ್ಟೇ. ಎಣ್ಣೆ ಡಬ್ಬಗಟ್ಟಲೆ ಇದ್ದರೂ ಹಿಟ್ಟು ಇದ್ದಷ್ಟೇ ಪೂರಿ ಆಗುತ್ತದಲ್ಲ, ಹಾಗೆ. ಕೈಗೆ ಸಿಗುವುದಂತೂ ಲೆಕ್ಕಕ್ಕಿಂತ ಯಾವಾಗಲೂ ಕಡಿಮೆ.

ಹೀಗಿರುವಾಗ, ನನ್ನ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಬ್ಯಾಚಿನಲ್ಲೇ ನೂರೆಂಬತ್ತಾರು ಕಿಲೋ ಬಂತು! ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಗಾಳಿಗೆ ತೂರಿ ಕುಣಿದಾಡಿದೆ. ಮ್ಯಾನೇಜರ್ “ಭೇಷ್ ಕಣಯ್ಯಾ” ಎಂದು ಮೈಸೂರು ಪಾಕ್ ತರಿಸಿದರು. ಮಂಜುಳಾ ಮೇಡಂ ಮಾತ್ರ ಒಂದು ಚಿಟಿಕೆ ಪುಡಿ ತೆಗೆದು ಮೂಸಿದರು.

“ಒಣಗೇ ಇಲ್ವಲ್ಲೋ ಇದು. ಎಲ್ಲಾ ವಾಪಸ್ ಡ್ರೈಯರ್‌ಗೆ ಹಾಕು.”

ಆಸ್ಪಿರಿನ್ ಜೊತೆಗೇ ಹುಟ್ಟುವ ಆಮ್ಲವೊಂದಿದೆ, ವಿನೆಗರ್‌ನಲ್ಲಿರುವುದೂ ಅದೇ. ಅದು ಪುಡಿಯೊಳಗೇ ಕೂತು ತೂಕ ಹೆಚ್ಚಿಸಿತ್ತು.

“ಮೇಡಂ, ನನ್ ಕೆಲ್ಸ ಹೋದ್ರೆ?”

“ಹೋದ್ರೆ ಬೇರೆ ಕಡೆ ಹೇಳಿ ಸೇರಿಸ್ತೀನಿ ಕಣೋ. ನೂರೆಂಬತ್ತರ ಮೇಲೆ ತೆಗೆದೋನು ಅಂತ ಗೊತ್ತಾದ್ರೆ ಮಾತ್ರ ಯಾರೂ ಸೇರಿಸ್ಕೊಳಲ್ಲ.”

ಒಣಗಿದ ಮೇಲೆ ನೂರೈವತ್ತೈದು ಉಳಿಯಿತು. ಮ್ಯಾನೇಜರ್ ಮುಖ ಸಿಂಡರಿಸಿದರು. ಮೈಸೂರು ಪಾಕ್ ತಿಂದವರು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಕಾಯಂ ಆದದ್ದು ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೂ ಮೇಡಂ ಮೇಲೆ ಮುನಿಸಿಕೊಂಡೇ ಟೀ ಕುಡಿದೆ, ಅದೂ ಅವರೇ ಕೊಡಿಸಿದ್ದನ್ನು.

ಗೋಬಿ ಪ್ಲೇಟು ಕೈಗೆ ಬರುವಷ್ಟರಲ್ಲಿ ಫೋನ್ ಬಂತು. ಈಗ ನನ್ನ ಕೈಕೆಳಗಿರುವ ಟ್ರೈನಿ ಕಾವ್ಯಾ. ಈ ಬ್ಯಾಚಿನ ಮೇಲೆಯೇ ಅವಳ ಕೆಲಸವೂ ನಿಂತಿದೆ.

“ಸಾರ್, ಲೆಕ್ಕಕ್ಕಿಂತ ಜಾಸ್ತಿ ಬಂದಿದೆ! ಊರಿಗೆ ಫೋನ್ ಮಾಡಿ ಹೇಳ್ಬಿಟ್ಟೆ ಸಾರ್, ಅಮ್ಮ ಖುಷಿಗೆ ಅತ್ತೇಬಿಟ್ರು.”

ಹೇಳಬೇಕಾದದ್ದು ಒಂದೇ ಮಾತು, ವಾಪಸ್ ಡ್ರೈಯರ್‌ಗೆ ಹಾಕು ಅಂತ. ಅಂದು ಮೇಡಂ ಎಷ್ಟು ಸಲೀಸಾಗಿ ಅಂದುಬಿಟ್ಟರು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಸಲೀಸಾಗಿರಲಿಲ್ಲ.

ಫೋನಿನಲ್ಲಿ ಹೇಳುವ ಮಾತಲ್ಲ ಅದು. “ಅಲ್ಲೇ ಇರಮ್ಮ, ಬಂದೆ” ಎಂದು ಸ್ಕೂಟರನ್ನು ಕಾರ್ಖಾನೆಯತ್ತ ತಿರುಗಿಸಿದೆ.